ಅಪ್‌ಡೇಟ್: ಪ್ರತಿ ತಿಂಗಳ ಬಿಲ್ ತಾನಾಗಿಯೇ ಹೋಗುವ ಹಾಗೆ ಮಾಡಿದೆವು

ನಮ್ಮದು ಮನೆ ಕ್ಲೀನಿಂಗ್ ಮತ್ತು ಗಾರ್ಡನ್ ನೋಡಿಕೊಳ್ಳುವ ಕೆಲಸ. ತಿಂಗಳು ತಿಂಗಳು ದುಡ್ಡಿಗೆ ಗ್ರಾಹಕರ ಹಿಂದೆ ಬೀಳುವ ಬದಲು ಆಟೋಮ್ಯಾಟಿಕ್ ಬಿಲ್ಲಿಂಗ್, ಅಂದರೆ ಅವರ ಕಾರ್ಡಿನಿಂದ ದುಡ್ಡು ತಾನಾಗಿಯೇ ಕಡಿತವಾಗುವ ವ್ಯವಸ್ಥೆ, ಹಾಕಬಹುದಾ ಎಂದು ಇಲ್ಲಿ ಕೇಳಿದ್ದೆ. ಹಾಕಿದೆವು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕಾರ್ಡ್ ನಂಬರ್ ನಾವು ಇಟ್ಟುಕೊಳ್ಳುವುದಿಲ್ಲ. ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ನಡೆಸಿಕೊಡುವ ಸೇವೆ) ಅದರ ಬದಲು ಒಂದು ಟೋಕನ್, ಅಂದರೆ ಕಾರ್ಡ್ ನಂಬರ್ ಜಾಗದಲ್ಲಿ ಬಳಸುವ ಒಂದು ಕೋಡ್, ಕೊಡುತ್ತದೆ, ಅಷ್ಟೇ ಸಾಕು.

ನಿಜವಾದ ತಲೆನೋವು ಬೇರೆ. ಗ್ರಾಹಕರು 'ಈ ವಾರ ಬೇಡ' ಅಂದರೂ ಬಿಲ್ ಪೂರ್ತಿ ಹೋಗಿಬಿಡುತ್ತಿತ್ತು. ಜಗಳ ಶುರುವಾಗುವುದೇ ಅಲ್ಲಿ, ಅಲ್ವಾ? ಈಗ ಗಾರ್ಡನ್‌ಗೆ ಮಾತ್ರ ತಿಂಗಳಿಗೆ ಒಂದೇ ಮೊತ್ತ. ಕ್ಲೀನಿಂಗ್‌ಗೆ ನಮ್ಮ ಹುಡುಗರು ಆ್ಯಪ್‌ನಲ್ಲಿ 'ಕೆಲಸ ಮುಗಿಯಿತು' ಎಂದು ಒತ್ತಿದ ಮೇಲೆಯೇ ಬಿಲ್ ಆಗುತ್ತದೆ. ದೂರುಗಳು ತುಂಬಾ ಕಡಿಮೆಯಾದವು.

ಪೇಮೆಂಟ್ ಫೇಲ್ ಆದಾಗ ಕಾರಣ ನೋಡಿ ಎಂದು ಒಬ್ಬರು ಬರೆದಿದ್ದರು. ಚಿನ್ನದಂಥ ಮಾತು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಪ್ರಯತ್ನಿಸಿದರೆ ಬಹಳ ಸಲ ಆಗುತ್ತದೆ. ಕಾರ್ಡಿನ ಅವಧಿಯೇ ಮುಗಿದಿದ್ದರೆ ಅದನ್ನೇ ಪದೇ ಪದೇ ಒತ್ತುವುದು ಸುಮ್ನೆ ದಂಡ. ಅಂಥವರಿಗೆ ಹೊಸ ಕಾರ್ಡ್ ಸೇರಿಸುವ ಲಿಂಕ್ ತಾನಾಗಿಯೇ ಹೋಗುತ್ತದೆ.

ದುಡ್ಡು ಕಡಿತವಾಗುವ ಮೊದಲು ಮೆಸೇಜ್ ಕಳಿಸುತ್ತೇವೆ. ಇದರಿಂದ ಜಾಸ್ತಿ ಜನ ಬಿಟ್ಟು ಹೋಗುತ್ತಾರೆ ಅನ್ನುವ ಭಯವಿತ್ತು, ಹಾಗೇನೂ ಆಗಲಿಲ್ಲ.

ಕಾರ್ಡ್ ಕೊಡಲು ಒಪ್ಪದ ಕೆಲವು ಹಿರಿಯರಿಗೆ ಹಳೆಯ ಥರವೇ ಬಿಲ್ ಕೊಡುತ್ತಿದ್ದೇವೆ. ಒತ್ತಾಯ ಮಾಡುವ ಯೋಚನೆ ಇಲ್ಲ.