ಅತ್ತರೂ ಸದ್ದು ಬರದ ಕೂಸು: ಅನುಭವ ಇದ್ದೋರು ಹೇಳಿ

ಸಕಲೇಶಪುರ ಕಡೆಯ ಒಬ್ಬ ತಾಯಿ:
ಎಂಟನೇ ತಿಂಗಳಿಗೇ ಹುಟ್ಟಿದ ಮಗಳಿಗೆ ಹೃದಯದ ಪಿಡಿಎ (ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ರಕ್ತನಾಳ ತೆರೆದೇ ಇರೋದು) ಆಪರೇಷನ್ ಆಯ್ತು. ಹೃದಯ ಈಗ ಚೆನ್ನಾಗಿದೆ. ಆದ್ರೆ ಅತ್ತರೆ ಬರೀ ಗಾಳಿ, ಹಾಲು ಕುಡಿದರೆ ಕೆಮ್ಮು. ಎಡಗಡೆ ಧ್ವನಿತಂತು ಅಲ್ಲಾಡ್ತಿಲ್ಲ ಅಂದ್ರು. ಬಜೆ ತೇಯ್ದು ಜೇನಲ್ಲಿ ನೆಕ್ಕಿಸು, ಗಂಟಲು ಬಿಡುತ್ತೆ ಅಂತಾರೆ ಅತ್ತೆ. ಯಾರಿಗಾದ್ರೂ ಹೀಗಾಗಿತ್ತಾ?

ಹಾಸನದಿಂದ:
ನನ್ನ ಮಗನಿಗೂ ಅದೇ ಆಪರೇಷನ್, ಅದೇ ಎಡಗಡೆ. "ಎಷ್ಟು ಸಾಧು ಮಗು, ಅಳೋದೇ ಇಲ್ವಲ್ಲ" ಅಂತ ನೆಂಟರು ಹೊಗಳಿದ್ದೇ ಹೊಗಳಿದ್ದು. ನಾನೂ ಹಿಗ್ಗಿದ್ದೆ! ಮುಖ ಕೆಂಪಗೆ ಮಾಡ್ಕೊಂಡು ಅಳ್ತಿದ್ದ, ಸದ್ದು ಮಾತ್ರ ಅಡುಗೆಮನೆ ತನಕ ಬರ್ತಿರಲಿಲ್ಲ. ಮೂಗಿನಿಂದ ಸಣ್ಣ ಸ್ಕೋಪ್ (ಕ್ಯಾಮೆರಾ ಇರೋ ನಳಿಗೆ) ಇಳಿಸಿದಾಗಲೇ ಗೊತ್ತಾಗಿದ್ದು. ಎರಡೇ ನಿಮಿಷದ ಕೆಲಸ, ಮಂಪರು ಕೊಡಲಿಲ್ಲ. ಎಡಗಡೆ ತಂತು ಆಡಿಸೋ ನರ ಕತ್ತಿನಿಂದ ಎದೆಗಿಳಿದು, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಮಹಾಪಧಮನಿ ಸುತ್ತಿಕೊಂಡು ವಾಪಸ್ ಗಂಟಲಿಗೆ ಹೋಗುತ್ತಂತೆ. ಪಿಡಿಎ ಇರೋದು ಅದರ ಮಗ್ಗುಲಲ್ಲೇ, ಆಪರೇಷನ್‌ನಲ್ಲಿ ನರಕ್ಕೆ ಪೆಟ್ಟಾಗಬಹುದು. ಬಲಗಡೆಯದು ಅಷ್ಟು ಕೆಳಗಿಳಿಯಲ್ಲ.

ಧ್ವನಿ ಆಮೇಲೆ ನೋಡ್ಕೊಳ್ಳಿ, ಮೊದಲು ಹಾಲು. ತಂತು ಮುಚ್ಚದಿದ್ರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತೆ. ನಮ್ಮಮ್ಮ ಕಾಲ ಮೇಲೆ ಅಂಗಾತ ಮಲಗಿಸಿ ಒಳಲೇಲಿ ಹುಯ್ತಿದ್ರು. ಎರಡು ಸಲ ನ್ಯುಮೋನಿಯಾ ಆದ ಮೇಲೆ ಆ ಒಳಲೆ ಅಟ್ಟ ಸೇರ್ತು. ಮಗ್ಗುಲಾಗಿ ಹಿಡಿದು, ನಿಧಾನಕ್ಕೆ ಹರಿಯೋ ನಿಪ್ಪಲ್, ನಾಲ್ಕು ಗುಟುಕಿಗೊಮ್ಮೆ ಬಿಡುವು. ಕೆಮ್ಮದೇ ಇದ್ರೂ ಒಳಗೆ ಇಳೀತಿರಬಹುದು, ಹಾಗಾಗಿ ನುಂಗೋ ಪರೀಕ್ಷೆ ಬಿಡಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗೋ ತೊಂದರೇನೂ ನೋಡ್ತಾರೆ.

ಹತ್ತನೇ ತಿಂಗಳಲ್ಲೂ ಎಡಗಡೆಯದು ಮಿಸುಕಿರಲಿಲ್ಲ. ಆದ್ರೆ ಬಲಗಡೆಯದು ನಡು ದಾಟಿ ಬಂದು ಅದಕ್ಕೆ ತಾಗ್ತಿತ್ತು. ಈಗ ನಾಲ್ಕು ವರ್ಷ. ದನಿ ಸ್ವಲ್ಪ ಒಡಕು, ಬಾಯಿ ಮಾತ್ರ ಸಂತೆ.

ಮೂಡಿಗೆರೆಯಿಂದ:
ನಮ್ಮದು ಎರಡೂ ಕಡೆ, ಹುಟ್ಟಿನಿಂದಲೇ. ಅಳು ಜೋರಾಗೇ ಇತ್ತು, ಅದಕ್ಕೇ ಮೋಸ ಹೋದ್ವಿ. ಉಸಿರೆಳೆದಾಗ ಕೀಚಲು ಸದ್ದು, ಎದೆಗುಂಡಿ ಒಳಕ್ಕೆ. ತಲೆಯ ಎಂಆರ್‌ಐಯಲ್ಲಿ ಏನೂ ಸಿಗಲಿಲ್ಲ. ಉಸಿರಾಡೋಕೆ ಕುತ್ತಿಗೆಗೆ ತೂತು ಮಾಡಿ ಟ್ರೆಕಿಯಾಸ್ಟಮಿ ನಳಿಗೆ ಹಾಕಿದ್ರು. ಮಳೆಗಾಲದಲ್ಲಿ ನಮ್ಮೂರ ಕರೆಂಟ್ ಗೊತ್ತಲ್ಲ, ನಳಿಗೆಯ ಕಫ ಎಳೆಯೋ ಸಕ್ಷನ್ ಮೆಷಿನ್‌ಗೋಸ್ಕರವೇ ಇನ್ವರ್ಟರ್ ತಂದ್ವಿ. ಕಾಲಲ್ಲಿ ಒತ್ತೋ ಸಕ್ಷನ್ನೂ ಒಂದು ಇಟ್ಕೊಂಡಿದ್ವಿ. ಎರಡೂವರೆ ವರ್ಷಕ್ಕೆ ತಂತು ತಾವಾಗೇ ಅಲ್ಲಾಡಿದ್ವು, ನಳಿಗೆ ತೆಗೆದ್ರು. ತುಟಿ ನೀಲಿಯಾದ್ರೆ ಯಾರನ್ನೂ ಕೇಳ್ತಾ ಕೂರಬೇಡಿ, 108.

ಅರಸೀಕೆರೆಯ ನರ್ಸ್:
ಜೇನು ವರ್ಷ ತುಂಬೋ ತನಕ ಯಾವ ಮಗುವಿಗೂ ಬೇಡ, ಬೊಟುಲಿಸಂ (ಮೈಯ ಸ್ನಾಯು ಸೋಲಿಸೋ ವಿಷದ ಕಾಯಿಲೆ) ಆಗಬಹುದು. ಬಜೆ ನರವನ್ನ ಎಬ್ಬಿಸಲ್ಲ, ಉಸಿರುಗಟ್ಟಿಸುತ್ತೆ ಅಷ್ಟೇ. ದಿನ ತುಂಬದೆ ಹುಟ್ಟಿದ ಕೂಸು, ಹಾಲು ಗಟ್ಟಿ ಮಾಡೋ ಪುಡಿಯನ್ನೂ ಡಾಕ್ಟರ್ ಹೇಳದೆ ಹಾಕಬೇಡಿ, ಕರುಳಿಗೆ ಅಪಾಯ.

ಸಕಲೇಶಪುರದ ತಾಯಿ:
ಒಳಲೆ ಎತ್ತಿಟ್ಟೆ. ಅತ್ತೆಗೆ ಜೇನಿನ ವಿಷಯ ನರ್ಸ್ ಹೇಳಿದ್ದು ಅಂತಲೇ ಓದಿ ಹೇಳಿದೆ, ನಾನು ಹೇಳಿದ್ರೆ ನಡೆಯಲ್ಲ. ಮಗ್ಗುಲು ಅಂದ್ರಲ್ಲ, ಎಡಕ್ಕಾ ಬಲಕ್ಕಾ?

ಹಾಸನದಿಂದ:
ನಮಗೆ ಎಡಗಡೆ ಮೇಲೆ ಬರೋ ಹಾಗೆ ಹಿಡಿಸಿದ್ರು. ನಿಮ್ಮ ಮಗುವಿಗೆ ಯಾವುದು ಅಂತ ನುಂಗೋ ತೊಂದರೆ ನೋಡೋ ಥೆರಪಿಸ್ಟ್ ಕುಡಿಸಿ ನೋಡಿಯೇ ಹೇಳ್ಬೇಕು.