ನೀಲಗಿರಿ ತೆಗೆಸಿದ ಹೊಲಕ್ಕೆ ಜೀವಾಣು ಗೊಬ್ಬರ: ಹಾಕಿ ನೋಡಿದವರು ಹೇಳಿ

ಮಾಲೂರು ಹುಡುಗ: 2 ಎಕರೆ ಖುಷ್ಕಿ. ಹೋದ ವರ್ಷ ನೀಲಗಿರಿ ಬುಡಸಮೇತ ಕೀಳಿಸಿದೆ. ಕೆಮ್ಮಣ್ಣು, ಕಲ್ಲು ಜಾಸ್ತಿ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.3 ಬಂದಿದೆ, ತೀರಾ ಕಮ್ಮಿ. ಈ ಮುಂಗಾರಿಗೆ ರಾಗಿ, ಅಕ್ಕಡಿ ಸಾಲಿಗೆ ತೊಗರಿ. ಯಾವ ಜೀವಾಣು ಹಾಕಲಿ?

ಪಾವಗಡ ಕಡ್ಲೆಕಾಯಿ: ನನ್ನ ಕಥೆ ಕೇಳಿ. ಮೂರು ವರ್ಷದ ಹಿಂದೆ 3 ಎಕರೆಗೆ ಕಡ್ಲೆಕಾಯಿ ಬೀಜಕ್ಕೇ 18,000 ಸುರಿದೆ. ಬೆಳಗ್ಗೆ ಬೀಜಕ್ಕೆ ಶಿಲೀಂಧ್ರ ಕೊಲ್ಲೋ ಔಷಧಿ ಕ್ಯಾಪ್ಟಾನ್ ಹಚ್ಚಿದೆ, ಅದೇ ಸಂಜೆ ಅದೇ ಬೀಜಕ್ಕೆ ಬೇರಲ್ಲಿ ಗಂಟು ಕಟ್ಟೋ ಜೀವಾಣು ರೈಜೋಬಿಯಂ. ಆ ಔಷಧಿಗೆ ಜೀವಾಣುನೂ ಸಾಯುತ್ತೆ. ಎಂಥ ಬುದ್ಧಿವಂತ ನೋಡಿ! 35 ದಿನಕ್ಕೆ ಗಿಡ ಹಳದಿ. ಕಿತ್ತು ನೋಡಿದರೆ ಬೇರಲ್ಲಿ ನಾಲ್ಕೇ ಗಂಟು. ಉಗುರಲ್ಲಿ ಸೀಳಿದೆ, ಒಳಗೆ ನೆನೆದ ಅಕ್ಕಿ ಥರ ಬೆಳ್ಳಗೆ. ಯೂರಿಯಾ, ಕೂಲಿ ಸೇರಿ ಇನ್ನೂ 4,200 ಹೋಯ್ತು. ಮರುವರ್ಷ ಬೆಲ್ಲದ ಪಾಕ ಆರಿಸಿ, ರೈಜೋಬಿಯಂ ಪುಡಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಗೋಣಿಚೀಲದ ಮೇಲೆ ಒಣಗಿಸಿ ಬಿತ್ತಿದೆ. ಬೇರೇನೂ ಹಚ್ಚಲಿಲ್ಲ. ಗಂಟು ಸೀಳಿದರೆ ಉಗುರಿಗೆ ಕೆಂಪು ಅಂಟಿತು. ಆ ಕೆಂಪು ಕಂಡರೆ ಗಾಳಿಯ ಸಾರಜನಕ ಹಿಡೀತಿದೆ ಅಂತ.

ಕೋಲಾರ ಟೊಮೆಟೊ: ಇವೆಲ್ಲಾ ಬರೀ ಬಣ್ಣದ ಪುಡಿ. 2 ಎಕರೆಗೆ ಮೈಕೊರೈಜಾ ಹಾಕಿದೆ. ಎಕರೆಗೆ 4 ಕೆಜಿ, ಕೆಜಿಗೆ 450, ಅಲ್ಲಿಗೆ 3,600. ಗುಣಿ ಗುಣಿಗೂ ಚಿಟಿಕೆ ಹಾಕೋಕೆ 6 ಆಳು, ತಲಾ 400, ಅದು 2,400. ಟೀ, ತಿಂಡಿ ಬೇರೆ. ರಂಜಕದ ಗೊಬ್ಬರ ಡಿಎಪಿ ಅರ್ಧ ಸಾಕು ಅಂದಿದ್ದ ಅಂಗಡಿಯವನು. ರಿಸ್ಕ್ ಯಾಕೆ ಅಂತ ನಾನು ಪೂರ್ತಿ 4 ಮೂಟೆ ಹಾಕಿದೆ. ಸೊರಗು ರೋಗ ಬಂತು, ತಾಮ್ರದ ಔಷಧಿ ಬುಡಕ್ಕೆ ಹುಯ್ದೆ. ಪಕ್ಕದವನ ತೋಟಕ್ಕೂ ನಮ್ಮದಕ್ಕೂ ಒಂದೆಲೆ ವ್ಯತ್ಯಾಸ ಇಲ್ಲ. ಮಂಡಿಯಲ್ಲಿ 15 ಕೆಜಿ ಬಾಕ್ಸ್ 90 ರೂಪಾಯಿಗೆ ಹೋಯ್ತು, ಅದೊಂದು ಹೊಟ್ಟೆಯುರಿ.

ಪಾವಗಡ ಕಡ್ಲೆಕಾಯಿ: ಅಣ್ಣಾ, ಮೈಕೊರೈಜಾ ಅಂದರೆ ಶಿಲೀಂಧ್ರ. ದೂರದ ರಂಜಕ ಎಳೆದು ತಂದು ಬೇರಿಗೆ ಕೊಡೋದು ಅದರ ಕೆಲಸ. ಬುಡದಲ್ಲೇ ಡಿಎಪಿ ಸುರಿದರೆ ಗಿಡ ಅದನ್ನ ಯಾಕೆ ಸಾಕುತ್ತೆ? ಮೇಲೆ ಶಿಲೀಂಧ್ರ ಕೊಲ್ಲೋ ತಾಮ್ರ ಬೇರೆ ಹುಯ್ದಿದ್ದೀರ!

ಕೋಲಾರ ಟೊಮೆಟೊ: ಕ್ಯಾಪ್ಟಾನ್ ಹಚ್ಚಿದವರು ನನಗೆ ಪಾಠ ಹೇಳಬೇಡಿ.

ಗುಬ್ಬಿ ನಾಟಿ ಹಸು: ಪ್ಯಾಕೆಟ್ ಯಾಕ್ರೀ? 200 ಲೀಟರ್ ನೀರಿಗೆ ಸಗಣಿ 10 ಕೆಜಿ, ಗಂಜಲ 10 ಲೀಟರ್, ಬೆಲ್ಲ 2 ಕೆಜಿ, ಕಾಳಿನ ಹಿಟ್ಟು 2 ಕೆಜಿ, ಬದುವಿನ ಮಣ್ಣು ಒಂದು ಹಿಡಿ. ಜೀವಾಮೃತ ರೆಡಿ. ನಾಲ್ಕು ವರ್ಷ ಆಯ್ತು ಗೊಬ್ಬರದಂಗಡಿ ಮೆಟ್ಟಿಲು ಹತ್ತಿ.

ಕೋಲಾರ ಟೊಮೆಟೊ: ಹಸು ಪುಕ್ಕಟೆ ಬಂತಾ? ಮೇವಿನ ಲೆಕ್ಕ ಹಾಕಿ.

ಗುಬ್ಬಿ ನಾಟಿ ಹಸು: ನಮ್ಮ ಹಸು ಸುದ್ದಿಗೆ ಬರಬೇಡಿ ಸ್ವಾಮಿ. 90 ರೂಪಾಯಿ ಬಾಕ್ಸ್ ನೋಡ್ಕೊಳ್ಳಿ.

ಚಿಂತಾಮಣಿ ರಾಗಿ: ಸಾಕು ಬಿಡ್ರಪ್ಪ. ನಮ್ಮದೂ ನೀಲಗಿರಿ ಭೂಮಿನೇ. ಮೊದಲ ವರ್ಷ ರಾಗಿಗೆ ಸಾರಜನಕ ಒದಗಿಸೋ ಜೀವಾಣು ಅಜೋಸ್ಪಿರಿಲಂ ಮಟಮಟ ಮಧ್ಯಾಹ್ನ ಬರೀ ಮಣ್ಣಿಗೆ ಎರಚಿದೆ, ಬಿಸಿಲಿಗೆ ಹೋಯ್ತು. ಎರಡನೇ ವರ್ಷ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ, ಅಂದರೆ ಹಲವು ಜೀವಾಣು ಬೆರೆಸಿದ್ದು, ತರಿಸಿ ಕೊಟ್ಟಿಗೆ ಗೊಬ್ಬರಕ್ಕೆ ಕಲಸಿದೆ. ನೀರು ಚಿಮುಕಿಸಿ, ಗೋಣಿ ಹೊದಿಸಿ, ವಾರ ಬಿಟ್ಟು ಸಂಜೆ ಹೊತ್ತು ಹಾಕಿದೆ. ಆ ಸಲ ತೆನೆ ಮುಷ್ಟಿ ಕಟ್ಟಿತು. ಜೀವಾಣುಗೂ ತಿನ್ನೋಕೆ ಬೇಕಲ್ವಾ? ರಾಗಿಗೆ ಅಂತ ಯಾರಾದರೂ ರೈಜೋಬಿಯಂ ಕೊಟ್ಟರೆ ತಗೋಬೇಡಿ, ಅದು ತೊಗರಿ, ಅವರೆಗೆ. ಆದರೆ ಗೊಬ್ಬರ 3 ಲೋಡ್, 4,500ರಂತೆ 13,500 ಆಯ್ತು. ಅದರಲ್ಲಿ ಗುಟ್ಕಾ ಪ್ಯಾಕೆಟ್, ಹರಿದ ಚಪ್ಪಲಿ ಎಲ್ಲಾ ಇತ್ತು.

ಗುಬ್ಬಿ ನಾಟಿ ಹಸು: 4,500? ಟೋಪಿ ಹಾಕಿದ್ದಾರೆ ಅಕ್ಕ. ನಮ್ಮ ಕಡೆ 3,000.

ಚಿಂತಾಮಣಿ ರಾಗಿ: ನಿಮ್ಮ ಕಡೆ ಟ್ರೇಲರ್ ಅರ್ಧ ತುಂಬಿಸ್ತಾರೆ, ನಮ್ಮ ಅಕ್ಕನ್ನ ಕೊಟ್ಟಿರೋದೇ ಗುಬ್ಬಿಗೆ. ನನಗೆ ಗೊತ್ತಿಲ್ವಾ?

ಮಾಲೂರು ಹುಡುಗ: ಅಣ್ಣಾ, ಅಕ್ಕಾ, ಕೊನೆಗೆ ನಾನು ಏನು ತರಲಿ?

ಕೋಲಾರ ಟೊಮೆಟೊ: ಇರಪ್ಪ. ಅಕ್ಕಾ, ಚಪ್ಪಲಿ ಇದ್ದರೂ ಪರವಾಗಿಲ್ಲ, ಆ ಗೊಬ್ಬರದವರು ಕೋಲಾರಕ್ಕೆ ತಂದು ಹಾಕ್ತಾರಾ ಕೇಳಿ.