ಹಳದಿ ಶರಬತ್ ಬಳ್ಳಿ: ಚಪ್ಪರ ತುಂಬ ಹೂವು, ಒಂದೂ ಕಾಯಿ ಇಲ್ಲ

ಹಿತ್ತಲು_ಬೆಂಗಳೂರು:
ಹಳದಿ ಪ್ಯಾಶನ್ ಫ್ರೂಟ್, ಬೀಜದಿಂದ ಎದ್ದ ಒಂದೇ ಗಿಡ, ಒಂದೂವರೆ ವರ್ಷದ್ದು. 10 ಅಡಿಗೆ 12 ಅಡಿ ಚಪ್ಪರ ಮುಚ್ಚಿ ಈಗ ಪಕ್ಕದ ಕರಿಬೇವಿನ ಮೇಲೂ ಹತ್ತಿದೆ. ದಿನಕ್ಕೆ 15–20 ಹೂ ಅರಳುತ್ತವೆ, ಮರುದಿನ ಎಲ್ಲವೂ ನೆಲದ ಮೇಲೆ. ತಿಂಗಳಿಗೊಮ್ಮೆ ಕಡಲೆಕಾಯಿ ಹಿಂಡಿ, ಸಗಣಿ ಗೊಬ್ಬರ ಹಾಕುತ್ತಿದ್ದೇನೆ. ಇನ್ನೂ ಗೊಬ್ಬರ ಬೇಕಾ? ಬಳ್ಳಿಯನ್ನು ಎಷ್ಟು ಕತ್ತರಿಸಬಹುದು?

ಕೊಡಗು_ತೋಟ:
ಗೊಬ್ಬರದ ಕೊರತೆ ಅಲ್ಲ, ಜೋಡಿಯ ಕೊರತೆ. ಹಳದಿ ಜಾತಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಒಂದೇ ಗಿಡ ಇದ್ದರೆ ಸಾವಿರ ಹೂ ಬಿಟ್ಟರೂ ಕಾಯಿ ನಿಲ್ಲುವುದು ಕಷ್ಟ. ನೇರಳೆ ಜಾತಿಗೆ ಈ ತೊಂದರೆ ಇಲ್ಲ, ಒಂಟಿಯಾಗಿಯೇ ಕಾಯಿ ಕಟ್ಟುತ್ತದೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಎರಡನ್ನೂ ಸೇರಿಸಿ ಮಾಡಿದ ತಳಿಯೇ 'ಕಾವೇರಿ'.

ಬೇರೆ ಕಡೆಯಿಂದ ತಂದ ಇನ್ನೊಂದು ಹಳದಿ ಗಿಡ ನೆಡಿ. ನಿಮ್ಮ ಬಳ್ಳಿಯದೇ ಕಡ್ಡಿ ನೆಟ್ಟರೆ ಏನೂ ಉಪಯೋಗವಿಲ್ಲ, ಅದೂ ಇದೇ ಗಿಡ. ಒಂದೇ ಹಣ್ಣಿನ ಬೀಜದ ಸಸಿಗಳೂ ಎಷ್ಟೋ ಸಲ ಒಂದಕ್ಕೊಂದು ಹೊಂದುವುದಿಲ್ಲ.

ಹಳದಿ ಹೂ ಅರಳುವುದು ನಡುಮಧ್ಯಾಹ್ನದ ಹೊತ್ತಿಗೆ, ಸಂಜೆ ಕಳೆದ ಮೇಲೆ ಮುಚ್ಚುತ್ತದೆ. ಹಾಗಾಗಿ ಕೈ ಪರಾಗಸ್ಪರ್ಶಕ್ಕೆ 2ರಿಂದ 4 ಗಂಟೆ ಒಳ್ಳೆಯ ಹೊತ್ತು. ಅರಳಿದಾಗ ಹೂವಿನ ನಡುವಿನ ಮೂರು ಶಲಾಕೆಗಳು (ತುದಿಯಲ್ಲಿ ಪರಾಗ ಹಿಡಿಯುವ ಹೆಣ್ಣು ಕಡ್ಡಿಗಳು) ಮೇಲಕ್ಕೆ ನಿಂತಿರುತ್ತವೆ, ಸುಮಾರು ಒಂದು ಗಂಟೆಯಲ್ಲಿ ಕೆಳಗೆ ಬಾಗುತ್ತವೆ. ಬಾಗದ ಹೂವನ್ನು ಬಿಟ್ಟುಬಿಡಿ, ಅದು ಕಾಯಿ ಹಿಡಿಯುವುದಿಲ್ಲ. ಒಂದು ಗಿಡದ ಹೂವಿನ ಹಳದಿ ಪುಡಿಯನ್ನು ಒಣ ಬ್ರಷ್‌ನಲ್ಲಿ ತೆಗೆದು ಇನ್ನೊಂದರ ಮೂರೂ ಶಲಾಕೆಗಳ ತುದಿಗೆ ಧಾರಾಳವಾಗಿ ಹಚ್ಚಿ. ಒಳಗಿನ ಒಂದೊಂದು ರಸದ ಚೀಲವೂ ಒಂದೊಂದು ಬೀಜದ ಸುತ್ತಲೇ ಬೆಳೆಯುತ್ತದೆ. ಪರಾಗ ಕಡಿಮೆಯಾದರೆ ಬೀಜ ಕಡಿಮೆ, ಹಣ್ಣು ಒಳಗೆ ಬರೀ ಪೊಳ್ಳು. ನೀರು ತಗುಲಿದರೆ ಪರಾಗ ಒಡೆದು ಹಾಳಾಗುತ್ತದೆ, ಆ ಹೊತ್ತಿನಲ್ಲಿ ಬಳ್ಳಿಯ ಮೇಲೆ ಪೈಪ್ ಹಿಡಿಯಬೇಡಿ.

ಈ ಕೆಲಸಕ್ಕೆ ನಿಜವಾದ ನಿಪುಣ ಮರ ಕೊರೆಯುವ ದಪ್ಪ ಕರಿ ದುಂಬಿ. ಜೇನುನೊಣ ಚಿಕ್ಕದು, ಶಲಾಕೆಗೆ ಬೆನ್ನು ತಾಗಿಸದೆಯೇ ಪರಾಗ ಹೊತ್ತು ಹೋಗುತ್ತದೆ. ಚಪ್ಪರದ ಹತ್ತಿರ ಒಣ ಮರದ ತುಂಡೊಂದನ್ನು ಕಟ್ಟಿಡಿ, ಹೂವಿನ ಕಾಲದಲ್ಲಿ ಕೀಟನಾಶಕ ಬೇಡ.

ಮಲೆನಾಡು_ಬಳ್ಳಿ:
ಹಿಂಡಿ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಬಳ್ಳಿ ಸೊಕ್ಕಿ ಎಲೆಯನ್ನೇ ಬಿಡುತ್ತಾ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ 5 ಕೆಜಿ ಕೊಳೆತ ಗೊಬ್ಬರ, ಎರಡು ಹಿಡಿ ಬೂದಿ ಸಾಕು. ಎಲ್ಲವನ್ನೂ ಬುಡದಿಂದ ಒಂದೂವರೆ ಅಡಿ ದೂರ ಹಾಕಿ. ಬುಡಕ್ಕೆ ಗೊಬ್ಬರ ಒಟ್ಟಿದರೆ, ನೀರು ನಿಂತರೆ ಕೊಳೆ ರೋಗ ಬರುತ್ತದೆ, ಆಮೇಲೆ ಗಿಡ ಉಳಿಯುವುದು ಕಷ್ಟ.

ಬಳ್ಳಿ ತೀರಾ ಹಬ್ಬಿದ್ದರೆ ನೆಲದಿಂದ ಎರಡು ಅಡಿ ಬಿಟ್ಟು ಪೂರ್ತಿ ಕಡಿದುಬಿಡಿ, ಮತ್ತೆ ಚಿಗುರುತ್ತದೆ.

ಕೊಡಗು_ತೋಟ:
ಹಾಗೆ ಮಾತ್ರ ಮಾಡಬೇಡಿ. ಹಳೇ ಗಟ್ಟಿ ಕಾಂಡ ಕಡಿದರೆ ಚಿಗುರದೆ ಒಣಗಿಹೋಗುವ ಅಪಾಯ ದೊಡ್ಡದು. ಮುಖ್ಯ ಕಾಂಡವನ್ನೂ ಚಪ್ಪರದ ಮೇಲಿನ ದಪ್ಪ ಬಳ್ಳಿಗಳನ್ನೂ ಮುಟ್ಟದೆ, ಹೂ ಬಿಟ್ಟು ಮುಗಿದ ಪಕ್ಕದ ಕವಲುಗಳನ್ನಷ್ಟೇ 4–5 ಗೆಣ್ಣು ಉಳಿಸಿ ಕತ್ತರಿಸಿ. ಹೂ ಬರುವುದು ಹೊಸ ಚಿಗುರಿನಲ್ಲೇ. ಕರಿಬೇವಿಗೆ ಹತ್ತಿದ ಬಳ್ಳಿಯನ್ನು ಎಳೆಯಬೇಡಿ, ಕುಡಿಗಳು ಟೊಂಗೆ ಮುರಿಯುತ್ತವೆ. ಅದು ಚಪ್ಪರದಿಂದ ಹೊರಟ ಜಾಗದಲ್ಲಿ ಕತ್ತರಿಸಿ ಬಿಡಿ, ವಾರದಲ್ಲಿ ಒಣಗಿದ ಮೇಲೆ ಬಿಡಿಸಿ.

ಹಿತ್ತಲು_ಬೆಂಗಳೂರು:
ಇನ್ನೊಂದು ಗಿಡಕ್ಕೆ ಜಾಗ ಇಲ್ಲ. ಬೇರೆ ದಾರಿ?

ಮಲೆನಾಡು_ಬಳ್ಳಿ:
ಕಾಂಡದ ವಿಷಯದಲ್ಲಿ ಮೇಲಿನವರು ಹೇಳಿದ್ದೇ ಸರಿ. ಜಾಗ ಇಲ್ಲದಿದ್ದರೆ ಕಸಿ ಮಾಡಿ, ಕಸಿ ಕವಲಿನ ಹೂವೇ ನಿಮ್ಮ ಬಳ್ಳಿಗೆ ಜೋಡಿಯಾಗುತ್ತದೆ. ಬೇರೆ ಹಳದಿ ಬಳ್ಳಿಯಿಂದ ಪೆನ್ಸಿಲ್ ದಪ್ಪದ, 2–3 ಗೆಣ್ಣಿನ ಕಡ್ಡಿ ತಂದು ಎಲೆ ತೆಗೆಯಿರಿ. ಬುಡವನ್ನು ಬೆಣೆಯಂತೆ ಕೆತ್ತಿ, ನಿಮ್ಮ ಬಳ್ಳಿಯ ಅಷ್ಟೇ ದಪ್ಪದ ಕವಲನ್ನು ಸೀಳಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ. ಮೇಲೆ ಪಾಲಿಥಿನ್ ಚೀಲ ಕವುಚಿ ನೆರಳು ಕೊಡಿ. ಮೂರು ವಾರದೊಳಗೆ ಚಿಗುರು ಕಾಣಬೇಕು. ಚಿಗುರಿದ ಕವಲಿಗೆ ಗುರುತಿನ ದಾರ ಕಟ್ಟಿಡಿ, ಇಲ್ಲದಿದ್ದರೆ ಮುಂದಿನ ಕತ್ತರಿಕೆಯಲ್ಲಿ ಅದೇ ಮೊದಲು ಹೋಗುತ್ತದೆ.